ಸ್ಟುಡಿಯೋ ಬಾಡಿಗೆಯದು, ನಾಯಕ ಕಂಪನಿಯವನು

1954ರ ಮೇ ತಿಂಗಳಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಾಗ ಕನ್ನಡದ ನಕಾಶೆ ಈಗಿನಂತಿರಲಿಲ್ಲ. ನಮ್ಮ ಬಳಗಾನೂರು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಚಿತ್ರದ ನಾಯಕ ರಾಜ್‌ಕುಮಾರ್ ಹುಟ್ಟಿದ ಗಾಜನೂರು ಮದರಾಸು ರಾಜ್ಯದಲ್ಲಿತ್ತು. ಚಿತ್ರ ತಯಾರಾದ ಎ.ವಿ.ಎಂ. ಸ್ಟುಡಿಯೋ ಇದ್ದದ್ದು ಮದರಾಸು ಪಟ್ಟಣದಲ್ಲಿ. ನೋಡುವವರ ಊರು, ನಟನ ಊರು, ಚಿತ್ರ ತೆಗೆದ ಊರು, ಮೂರೂ ಮೈಸೂರು ರಾಜ್ಯದ ಗಡಿಯಾಚೆ. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಗಡಿಯೊಳಗೆ ಬಂತು. ಗಾಜನೂರು ಇವತ್ತಿಗೂ ತಮಿಳುನಾಡಿನಲ್ಲೇ ಇದೆ.

ಹೀಗೆ ಚೆದುರಿಹೋಗಿದ್ದ ಭಾಷೆಯೊಂದಕ್ಕೆ ಒಬ್ಬನೇ ನಾಯಕನಟ ಸಿಕ್ಕಿದ್ದು ಹೇಗೆ? ರಾಜ್‌ಕುಮಾರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪ್ರತಿಭೆ, ವಿನಯ, ಅದೃಷ್ಟ ಎಂದು ಮೂರು ಮಾತು ಹೇಳಿ ಮುಗಿಸುತ್ತಾರೆ. ಮೂರೂ ಸುಳ್ಳಲ್ಲ. ಆದರೆ ಆ ಗುಣಗಳಿದ್ದ ನಟರು ಬೇರೆಯವರೂ ಇದ್ದರು. ರಾಜ್‌ಕುಮಾರರ ವೃತ್ತಿಜೀವನ ಅಷ್ಟು ದೂರ ಸಾಗಲು ಕಾರಣ ಹುಡುಕಬೇಕಾದದ್ದು ಕನ್ನಡ ಚಿತ್ರೋದ್ಯಮದ ಆಗಿನ ಬಡತನದಲ್ಲಿ. ನಮಗೆ ಸ್ವಂತ ಸ್ಟುಡಿಯೋ ವ್ಯವಸ್ಥೆ ಇರಲಿಲ್ಲ. ಬೇರೆ ಕಡೆ ಸ್ಟುಡಿಯೋ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಾಟಕ ಕಂಪನಿ ಮಾಡಿತು. ಅವರ ಇಡೀ ದಾರಿಯನ್ನು ಈ ಒಂದು ಸಂಗತಿ ತೀರ್ಮಾನಿಸಿತು ಎಂಬುದು ನನ್ನ ವಾದ.

ಬೇರೆ ಕಡೆ ನಾಯಕ ತಯಾರಾಗುತ್ತಿದ್ದ ಬಗೆ

ಹಾಲಿವುಡ್ಡಿನ ಸ್ಟುಡಿಯೋ ಯುಗದಲ್ಲಿ ನಾಯಕನಟನೆಂದರೆ ಸಂಬಳದ ನೌಕರ. ಏಳು ವರ್ಷಗಳ ಕರಾರಿಗೆ ಸಹಿ ಹಾಕಿದರೆ ಯಾವ ಪಾತ್ರ, ಯಾವ ನಾಯಕಿ, ಯಾವ ಉಡುಪು ಎಲ್ಲವೂ ಸ್ಟುಡಿಯೋದ ತೀರ್ಮಾನ. ಬೇಕಾದರೆ ಅವನನ್ನು ಇನ್ನೊಂದು ಸ್ಟುಡಿಯೋಗೆ ಎರವಲು ಕೊಡುವ ಹಕ್ಕೂ ಮಾಲೀಕರಿಗಿತ್ತು. ಎಂ.ಜಿ.ಎಂ.ನ ಕ್ಲಾರ್ಕ್ ಗೇಬಲ್ ಹಾಗೆ ಎರವಲು ಹೋಗಿ ಕೊಲಂಬಿಯಾದ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ನಟಿಸಿ ಆಸ್ಕರ್ ಗೆದ್ದ. ಚಿತ್ರ ತೆಗೆಯುವವರೂ ಸ್ಟುಡಿಯೋದವರೇ, ಹಂಚುವವರೂ ಅವರೇ, ತೋರಿಸುವ ಥಿಯೇಟರುಗಳೂ ಅವರವೇ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಸರಪಳಿಯನ್ನು ಕಡಿದ ಮೇಲೆ ಆ ಪದ್ಧತಿ ಮೆಲ್ಲಗೆ ಕುಸಿಯಿತು.

ನಮ್ಮ ದೇಶದಲ್ಲೂ ಅದರ ಚಿಕ್ಕ ಮಾದರಿಗಳಿದ್ದವು. ಬಾಂಬೆ ಟಾಕೀಸಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಅಶೋಕ್ ಕುಮಾರ್ 1936ರಲ್ಲಿ ‘ಜೀವನ್ ನೈಯಾ’ ಚಿತ್ರಕ್ಕೆ ನಾಯಕರಾದದ್ದು ಮಾಲೀಕ ಹಿಮಾಂಶು ರಾಯ್ ಅವರ ಮಾತಿನ ಮೇಲೆ. ಮದರಾಸಿನಲ್ಲಿ ಎ.ವಿ.ಎಂ., ಜೆಮಿನಿ, ವಾಹಿನಿಗಳಿದ್ದವು. ಅಲ್ಲಿ ಫ್ಲೋರು, ಪ್ರಯೋಗಾಲಯ, ಧ್ವನಿಮುದ್ರಣ ಕೊಠಡಿ, ಬಡಗಿಗಳು, ದರ್ಜಿಗಳು ಎಲ್ಲರೂ ಒಂದೇ ಕಾಂಪೌಂಡಿನೊಳಗೆ.

ಕನ್ನಡಕ್ಕೆ ಇದು ಒದಗಲಿಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ ತಯಾರಾಯಿತು. ಆಮೇಲೆ ಮೈಸೂರಿನಲ್ಲಿ ನವಜ್ಯೋತಿ, ಪ್ರೀಮಿಯರ್ ಸ್ಟುಡಿಯೋಗಳು ಬಂದರೂ ಬಹುಪಾಲು ನಿರ್ಮಾಪಕರು ಮದರಾಸಿನ ರೈಲು ಹತ್ತುವುದು ತಪ್ಪಲಿಲ್ಲ. ಫ್ಲೋರಿಗೆ ದಿನಬಾಡಿಗೆ, ಬೆಳಕಿಗೆ ಬಾಡಿಗೆ, ಕ್ಯಾಮರಾಕ್ಕೆ ಬಾಡಿಗೆ. ಕಚ್ಚಾ ಫಿಲ್ಮು ಹೊರದೇಶದಿಂದ ಬರಬೇಕಿತ್ತು, ಅದರ ಪ್ರತಿ ಅಡಿಗೂ ದುಡ್ಡು. ತೆಲುಗು, ತಮಿಳಿನಷ್ಟು ದೊಡ್ಡ ಮಾರುಕಟ್ಟೆ ಬೆನ್ನಿಗಿಲ್ಲದ ಕನ್ನಡದ ನಿರ್ಮಾಪಕನಿಗೆ ಬೇಕಾಗಿದ್ದವನು ಮಾತು ಬಾಯಿಪಾಠ ಇರುವ, ಕಡಿಮೆ ಟೇಕಿನಲ್ಲಿ ಮುಗಿಸುವ, ಹಾಡು ಬರುವ, ಕುದುರೆ ಏರು ಎಂದರೆ ಏರುವ, ಅಳು ಎಂದರೆ ಅಳುವ ನಟ. ಅಂಥವರನ್ನು ತಯಾರು ಮಾಡುವ ಜಾಗ ಒಂದೇ ಇತ್ತು, ಅದು ವೃತ್ತಿನಾಟಕ ಕಂಪನಿ.

ಕಂಪನಿ ಕಲಿಸಿದ್ದು

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ಹೆಸರಾಂತ ನಟ. 1929ರ ಏಪ್ರಿಲ್ 24ರಂದು ಹುಟ್ಟಿದ ಅವರ ಮಗ ಮುತ್ತುರಾಜ ಶಾಲೆಯ ಕೆಳಗಿನ ತರಗತಿಗಳಲ್ಲೇ ಓದು ಬಿಟ್ಟು ಅಪ್ಪನ ಹಿಂದೆ ಕಂಪನಿ ಸೇರಿದ. ಆಮೇಲೆ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ಇದ್ದ. ಕಂಪನಿಯಲ್ಲಿ ಹುಡುಗರಿಗೆ ಬಣ್ಣ ಹಚ್ಚುವ ಮೊದಲು ಪರದೆ ಎಳೆಯುವುದರಿಂದ ಹಿಡಿದು ಸಣ್ಣಪುಟ್ಟ ಕೆಲಸಗಳೆಲ್ಲ ಕಾದಿರುತ್ತಿದ್ದವು. ಊಟ, ವಸತಿ, ಚೂರುಪಾರು ಸಂಬಳ ಎಲ್ಲವೂ ಕಂಪನಿಯದ್ದೇ. ಪಾತ್ರ ಹಂಚುವವರು ಯಜಮಾನರು. ಕರಾರುಪತ್ರ ಒಂದನ್ನು ಬಿಟ್ಟರೆ ಹಾಲಿವುಡ್ ಪದ್ಧತಿಗೂ ಇದಕ್ಕೂ ಏರ್ಪಾಡಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ದೊಡ್ಡ ವ್ಯತ್ಯಾಸ ಕಲಿಕೆಯಲ್ಲಿತ್ತು. ಸ್ಟುಡಿಯೋ ಹುಡುಗನೊಬ್ಬನ ಮುಖ ನೋಡಿ ಆ ಮುಖಕ್ಕೆ ಹೊಂದುವ ಪಾತ್ರಗಳನ್ನೇ ಮತ್ತೆ ಮತ್ತೆ ಕೊಟ್ಟು ಅವನನ್ನು ಬೆಳೆಸುತ್ತಿತ್ತು. ಕಂಪನಿ ಅದೇ ಹುಡುಗನಿಗೆ ಇವತ್ತು ದೂತ, ನಾಳೆ ಸಖಿ, ನಾಡಿದ್ದು ರಾಕ್ಷಸ ಎಂದು ಹಂಚುತ್ತಿತ್ತು. ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಬೇಕು. ಹಾಡಿನ ನಡುವೆ ‘ಒನ್ಸ್ ಮೋರ್’ ಎಂದರೆ ಅದೇ ಹಾಡನ್ನು ಅದೇ ಕಸುವಿನಲ್ಲಿ ಮತ್ತೊಮ್ಮೆ ಹಾಡಬೇಕು. ಎದುರಿನ ನಟ ಮಾತು ಮರೆತರೆ ಪ್ರೇಕ್ಷಕರಿಗೆ ಗೊತ್ತಾಗದಂತೆ ಆಟವನ್ನು ಮುಂದಕ್ಕೆ ತಳ್ಳಬೇಕು. ಈ ಪಾಠ ಮುಗಿಸಿದವನಿಗೆ ಮದರಾಸಿನ ಬಾಡಿಗೆ ಫ್ಲೋರಿನಲ್ಲಿ ನಿಂತು ಒಂದೇ ಟೇಕಿನಲ್ಲಿ ಉದ್ದನೆಯ ಸಂಭಾಷಣೆ ಒಪ್ಪಿಸುವುದು ಕಷ್ಟವಾಗಲಿಲ್ಲ.

ಕಣ್ಣು ಕೀಳುವ ದೃಶ್ಯ

‘ಬೇಡರ ಕಣ್ಣಪ್ಪ’ದ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಕೂಡ ರಂಗಭೂಮಿಯಿಂದ ಬಂದವರೇ. ಮುತ್ತುರಾಜನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟವರು ಅವರು. ಬಂಡವಾಳ ಗುಬ್ಬಿ ಸಂಸ್ಥೆ ಮತ್ತು ಎ.ವಿ. ಮೇಯಪ್ಪನ್ ಅವರ ಎ.ವಿ.ಎಂ. ಕೂಡಿ ಹಾಕಿದ್ದು. ನಾಯಕಿ ಪಂಡರಿಬಾಯಿ. ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆಯಲ್ಲಿದ್ದರು. ಅವರೂ ಕಂಪನಿಯ ಕೂಳು ತಿಂದವರೇ.

ಕತೆ ಹರಿಹರ ಕವಿಯ ಕಾಲದಿಂದ ಕನ್ನಡದಲ್ಲಿದೆ. ಲಿಂಗದ ಕಣ್ಣಿನಲ್ಲಿ ರಕ್ತ ಸುರಿಯುತ್ತದೆ. ಬೇಡ ತನ್ನ ಒಂದು ಕಣ್ಣು ಕಿತ್ತು ಅಲ್ಲಿಗಿಡುತ್ತಾನೆ. ಅಷ್ಟರಲ್ಲಿ ಇನ್ನೊಂದು ಕಣ್ಣಿನಿಂದ ರಕ್ತ. ಎರಡನೆಯ ಕಣ್ಣನ್ನೂ ಕಿತ್ತರೆ ಇಡುವ ಜಾಗ ಕಾಣುವುದಿಲ್ಲವಲ್ಲ ಎಂದು ತನ್ನ ಕಾಲಿನ ಹೆಬ್ಬೆರಳನ್ನೇ ಶಿವನ ಕಣ್ಣಿನ ಮೇಲೆ ಗುರುತಿಗೆ ಊರುತ್ತಾನೆ. ದೇವರ ಮೇಲೆ ಕಾಲಿಡುವ ಈ ಗಳಿಗೆ ನಟನಿಗೆ ಪರೀಕ್ಷೆ. ಸ್ವಲ್ಪ ಹೆಚ್ಚಾದರೆ ಉದ್ಧಟತನವಾಗುತ್ತದೆ, ಕಡಿಮೆಯಾದರೆ ಸರ್ಕಸ್ಸಾಗುತ್ತದೆ. ರಂಗದ ಮೇಲೆ ಇದನ್ನು ಇಡೀ ಮೈಯಿಂದ ಆಡಬೇಕು. ಒಂಟಿ ಕಾಲಿನ ಸಮತೋಲ, ಬಾಣ ಹಿಡಿದ ಕೈ, ಬಾಗಿದ ಬೆನ್ನು ಇಷ್ಟೂ ಕೊನೆಯ ಸಾಲಿನವನಿಗೆ ಕಾಣಬೇಕು. ಕ್ಯಾಮರಾ ಹತ್ತಿರ ಬಂದಾಗ ಅದೇ ಭಾವ ಮುಖಕ್ಕೆ ಇಳಿಯಬೇಕು. ಹೊಸಬ ರಾಜ್‌ಕುಮಾರ್ ಇವೆರಡನ್ನೂ ಒಟ್ಟಿಗೆ ಮಾಡಿದರು. ದೇಹ ನಾಟಕದ್ದು, ಮುಖ ಸಿನಿಮಾದ್ದು. ಮುಂದಿನ ನಾಲ್ಕು ದಶಕ ಅವರ ನಟನೆ ನಿಂತದ್ದು ಈ ಜೋಡಣೆಯ ಮೇಲೆ.

ಚಿತ್ರಕ್ಕೆ ರಾಷ್ಟ್ರಮಟ್ಟದ ಅರ್ಹತಾಪತ್ರ ಬಂತು. ಎ.ವಿ.ಎಂ. ಅದನ್ನು ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಲುಗಿನಲ್ಲೂ ತೆಗೆದು ರಾಜ್‌ಕುಮಾರರನ್ನೇ ನಾಯಕನಾಗಿಸಿತು. ಅವರು ನಟಿಸಿದ ಕನ್ನಡೇತರ ಚಿತ್ರ ಅದೊಂದೇ.

ಸುರಪುರದ ನಾಯಕರ ಕತೆಗಳನ್ನು ಕೇಳಿ ಬೆಳೆದ ರಾಯಚೂರು ಸೀಮೆಗೆ ಬೇಡನೊಬ್ಬ ಕಥಾನಾಯಕನಾಗುವುದು ವಿಚಿತ್ರವೆನಿಸಲಿಲ್ಲ. ಬಳಗಾನೂರು, ಮಸ್ಕಿ, ದೇವದುರ್ಗದ ಕಡೆ ಆ ಸಮುದಾಯ ದೊಡ್ಡ ಸಂಖ್ಯೆಯಲ್ಲಿದೆ. ಅರಮನೆಯ ರಾಜಕುಮಾರನನ್ನು ಬಿಟ್ಟು ಕಾಡಿನ ಬೇಡನ ವೇಷದಲ್ಲಿ ಕನ್ನಡದ ನಾಯಕ ಮೊದಲು ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ನಾಯಕನೇ ರಾವಣ

ಕಂಪನಿಯ ಪಾತ್ರ ಹಂಚಿಕೆಯ ಗುಣ ಅವರ ಮೊದಲ ದಶಕದಲ್ಲಿ ಎದ್ದು ಕಾಣುತ್ತದೆ. 1958ರ ‘ಭೂಕೈಲಾಸ’ದಲ್ಲಿ ರಾಜ್‌ಕುಮಾರ್ ರಾವಣ, ಕಲ್ಯಾಣ್ ಕುಮಾರ್ ನಾರದ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರ. ಅದೇ ವರ್ಷದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನ ಪಾತ್ರ ಹೊನ್ನಪ್ಪ ಭಾಗವತರಿಗೆ ಹೋಯಿತು, ರಾಜ್‌ಕುಮಾರ್ ಬಿಜ್ಜಳನಾದರು. ‘ಇಮೇಜ್’ ಕಾಯ್ದುಕೊಳ್ಳುವ ನಟ ಇದನ್ನು ಒಪ್ಪುತ್ತಿರಲಿಲ್ಲ. ಕಂಪನಿಯವನಿಗೆ ಪಾತ್ರ ಎಂದರೆ ಪಾತ್ರ, ಅಷ್ಟೇ.

‘ಭೂಕೈಲಾಸ’ ಸ್ಟುಡಿಯೋ ಲೆಕ್ಕಾಚಾರಕ್ಕೆ ಒಳ್ಳೆಯ ನಿದರ್ಶನ. ಎ.ವಿ.ಎಂ. ಅದನ್ನು ತೆಲುಗಿನಲ್ಲಿ ಎನ್.ಟಿ. ರಾಮರಾವ್, ಅಕ್ಕಿನೇನಿ ನಾಗೇಶ್ವರರಾವ್ ಅವರೊಂದಿಗೂ ಕನ್ನಡದಲ್ಲಿ ರಾಜ್, ಕಲ್ಯಾಣ್ ಜೋಡಿಯೊಂದಿಗೂ ತೆಗೆಯಿತು. ಒಂದು ಕತೆಗೆ ಕಟ್ಟಿದ ಅರಮನೆ, ಹೊಲಿಸಿದ ಉಡುಪು ಎರಡು ಭಾಷೆಗೆ ಆಗುವ ಪದ್ಧತಿ ಅದು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲೂ ಹೀಗೇ ಆಯಿತು. ಕೆ.ವಿ. ರೆಡ್ಡಿ ತೆಲುಗಿನಲ್ಲಿ ಎನ್.ಟಿ.ಆರ್. ಅವರನ್ನಿಟ್ಟು ತಾವೇ ನಿರ್ದೇಶಿಸಿದರು, ಕನ್ನಡದ್ದನ್ನು ಹುಣಸೂರು ಕೃಷ್ಣಮೂರ್ತಿ ಅವರಿಗೆ ಒಪ್ಪಿಸಿದರು. ತೆಲುಗಿನದು ಹೆಚ್ಚು ಓಡಲಿಲ್ಲ. ಕನ್ನಡದ್ದನ್ನು ಜನ ತಲೆಮಾರುಗಳವರೆಗೆ ನೋಡಿದರು, 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಹರಿಶ್ಚಂದ್ರನ ಸ್ಮಶಾನ ಕನ್ನಡ ಕಂಪನಿಗಳ ಹಳೆಯ ಸರಕು. ರಾಜ್‌ಕುಮಾರ್, ವಿಶ್ವಾಮಿತ್ರನಾದ ಉದಯಕುಮಾರ್, ವೀರಬಾಹುವಾದ ಎಂ.ಪಿ. ಶಂಕರ್ ಅದನ್ನು ಕ್ಯಾಮರಾದ ಅಳತೆಗೆ ತಂದರು.

ಆದರೆ ಬಾಡಿಗೆ ಸ್ಟುಡಿಯೋದ ನಾಯಕನಿಗೆ ಭದ್ರತೆ ಇರಲಿಲ್ಲ. 1950ರ ದಶಕದ ಕೊನೆಗೆ ಕನ್ನಡ ಚಿತ್ರಗಳ ಕೆಲಸ ತೀರಾ ಕಡಿಮೆಯಾದಾಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡು ನಾಟಕ ಆಡುತ್ತ ಊರೂರು ತಿರುಗಿದರು. ಅದೇ ಸಂಘದಿಂದ 1960ರಲ್ಲಿ ‘ರಣಧೀರ ಕಂಠೀರವ’ ಹೊರಬಂತು. ಸಿನಿಮಾ ಕೈಕೊಟ್ಟಾಗ ಅನ್ನ ಹಾಕಿದ್ದು, ಮತ್ತೊಂದು ಸಿನಿಮಾಕ್ಕೆ ದಾರಿ ಮಾಡಿದ್ದು ನಾಟಕವೇ.

ರಾಜ್, ಕಲ್ಯಾಣ್, ಉದಯ ಎಂಬ ‘ಕುಮಾರತ್ರಯ’ರಲ್ಲಿ ಇನ್ನಿಬ್ಬರ ದಾರಿ ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಲ್ಯಾಣ್ ಕುಮಾರ್ 1954ರ ‘ನಟಶೇಖರ’ದಿಂದಲೇ ನಾಯಕರು, ಸ್ಫುರದ್ರೂಪಿ. ಕನ್ನಡದ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ಯ (1964) ನಾಯಕ ಅವರೇ. 1962ರ ‘ನೆಂಜಿಲ್ ಓರ್ ಆಲಯಂ’ನಿಂದ ತಮಿಳಿನಲ್ಲೂ ಹೆಸರು ಮಾಡಿದರು. ಎರಡು ಭಾಷೆಯ ನಡುವೆ ಓಡಾಡಿದ ಅವರಿಗೆ ಎರಡರಲ್ಲೂ ಗಟ್ಟಿ ನೆಲೆ ಸಿಗಲಿಲ್ಲ. ಉದಯಕುಮಾರ್ ಕಂಚಿನ ಕಂಠದ ನಟ. ಬರಬರುತ್ತ ಖಳ ಮತ್ತು ಪೋಷಕ ಪಾತ್ರಗಳಿಗೆ ಸರಿದರು. ಮೂವರೂ ಒಟ್ಟಿಗೆ ಕಾಣಿಸಿಕೊಂಡದ್ದು 1962ರ ‘ಭೂದಾನ’ದಲ್ಲಿ. ನಾಟಕದ ನಂಟು, ಕನ್ನಡವೊಂದನ್ನೇ ಹಿಡಿದು ಕೂರುವ ಹಟ ಎರಡೂ ಕೂಡಿದ್ದು ರಾಜ್‌ಕುಮಾರರಲ್ಲಿ.

ಬಳಗಾನೂರಿಗೆ ಅದು ಹೇಗೆ ತಲುಪಿತು

ಸಿನಿಮಾ ನಗರದ ಕಲೆ ಎನ್ನುತ್ತಾರೆ. ಆದರೆ ಆ ನಟನೆಯ ಭಾಷೆ ನಮ್ಮ ಹಳ್ಳಿಗಳಿಗೆ ಮೊದಲೇ ಗೊತ್ತಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಜಾತ್ರೆ ಬಂತೆಂದರೆ ನಾಟಕ ಆಡಲೇಬೇಕು. ಸುಗ್ಗಿ ಮುಗಿದ ಮೇಲೆ ಹುಡುಗರು ಹಾರ್ಮೋನಿಯಂ ಮಾಸ್ತರನ್ನು ಕರೆಸಿ ತಾಲೀಮು ಶುರು ಮಾಡುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ನಟಿಯರು ಹೊರಗಿನಿಂದ ಬರುತ್ತಾರೆ. ಗೋಡೆಗಂಟಿದ ಹಾಳೆಯಲ್ಲಿ ನಾಟಕಕ್ಕೊಂದು ಹೆಸರು, ನಡುವೆ ‘ಅರ್ಥಾತ್’, ಕೆಳಗೆ ಇನ್ನೊಂದು ಹೆಸರು. ಇಂಥ ಊರಿಗೆ ಟೆಂಟು ಟಾಕೀಸಿನ ಪರದೆಯ ಮೇಲೆ ಹರಿಶ್ಚಂದ್ರನೋ ಕನಕದಾಸನೋ ಬಂದು ಕೈ ಎತ್ತಿ ಮಾತು ಶುರು ಮಾಡಿದರೆ ಯಾರಿಗೂ ಹೊಸದೆನಿಸುತ್ತಿರಲಿಲ್ಲ.

ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು ಹನ್ನೊಂದು ನಿಮಿಷ. ಹದಿನಾರು ರೀಲಿನ ಪೌರಾಣಿಕ ಚಿತ್ರ ಎಂದರೆ ಮೂರು ತಾಸಿನ ಹತ್ತಿರ. ಟೆಂಟಿನಲ್ಲಿ ಪ್ರೊಜೆಕ್ಟರು ಒಂದೇ ಇದ್ದರೆ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ನಾಟಕದಲ್ಲಿ ಅಂಕದ ಪರದೆ ಬಿದ್ದಾಗ ಎಲೆ ಅಡಿಕೆ ಹಾಕಿ ಅಭ್ಯಾಸವಿದ್ದ ಜನಕ್ಕೆ ಆ ಬಿಡುವೂ ಒಗ್ಗಿದ್ದೇ.

ಭಾಷೆಯ ಮಾತು ಇನ್ನೂ ಮುಖ್ಯ. ನಿಜಾಮರ ಆಡಳಿತದಲ್ಲಿ ಇಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯಲ್ಲೂ ಅದರದೇ ಮೇಲುಗೈ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿದರು. ಅವರ ಜೊತೆ ತೆಲುಗು ಸಿನಿಮಾಕ್ಕೂ ಇಲ್ಲಿ ದೊಡ್ಡ ಗಿರಾಕಿ ಹುಟ್ಟಿತು. ಈ ನಡುವೆ ಕನ್ನಡದ ಪರದೆಯಿಂದ ಕೇಳಿಬಂದದ್ದು ಮೈಸೂರಿನ ಮನೆಮಾತಲ್ಲ, ಧಾರವಾಡದ್ದೂ ಅಲ್ಲ, ನಮ್ಮ ರಾಯಚೂರಿನದಂತೂ ಮೊದಲೇ ಅಲ್ಲ. ಅದು ಕಂಪನಿಯ ಗ್ರಾಂಥಿಕ ಕನ್ನಡ. ಯಾರ ಮನೆಯದ್ದೂ ಅಲ್ಲದ ಕಾರಣಕ್ಕೇ ಎಲ್ಲರದ್ದೂ ಆಯಿತು. ಏಕೀಕರಣ ಕಾಗದದ ಮೇಲೆ 1956ರಲ್ಲಿ ಆಯಿತು. ಕಿವಿಯಲ್ಲಿ ಅದು ಆಗಲು ರಾಜ್‌ಕುಮಾರರ ಮಾತುಗಾರಿಕೆ ದುಡಿದಷ್ಟು ಬಹುಶಃ ಪಠ್ಯಪುಸ್ತಕವೂ ದುಡಿಯಲಿಲ್ಲ. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ಅವರು ರಾಘವೇಂದ್ರ ಸ್ವಾಮಿಗಳಾದಾಗ ರಾಯಚೂರಿನವರಿಗೆ ಅದು ಹೊಳೆಯಾಚೆಯ ತಮ್ಮದೇ ಮಠದ ಕತೆ.

ಎರವಲು ಕಂಠ, ಮರಳಿದ ಕಂಠ

ಸ್ಟುಡಿಯೋ ಈ ನಟನಿಂದ ಕಿತ್ತುಕೊಂಡದ್ದೂ ಒಂದಿದೆ, ಅವರ ಹಾಡು. ಕಂಪನಿಯಲ್ಲಿ ಹಾಡು ಬಾರದವನು ನಾಯಕನಾಗುವುದು ಅಪರೂಪ. ಆದರೆ ಮದರಾಸಿನಲ್ಲಿ ಹಿನ್ನೆಲೆ ಗಾಯನ ಆಗಲೇ ನೆಲೆಯೂರಿತ್ತು. ಹಾಡು ಮೊದಲೇ ಧ್ವನಿಮುದ್ರಣ ಕೊಠಡಿಯಲ್ಲಿ ತಯಾರಾಗುತ್ತಿತ್ತು. ಫ್ಲೋರಿನಲ್ಲಿ ಅದನ್ನು ನುಡಿಸಿದಾಗ ನಟ ತುಟಿ ಆಡಿಸಬೇಕು. 1960ರ ‘ಭಕ್ತ ಕನಕದಾಸ’ದಿಂದ ರಾಜ್‌ಕುಮಾರ್ ಎಂದರೆ ಪಿ.ಬಿ. ಶ್ರೀನಿವಾಸ್ ಕಂಠ ಎಂದು ಗಟ್ಟಿಯಾಯಿತು. ‘ಓಹಿಲೇಶ್ವರ’, ‘ಮಹಿಷಾಸುರ ಮರ್ದಿನಿ’ಯಂಥ ಚಿತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಹಾಡಿದ್ದು ಬಿಟ್ಟರೆ ಅವರ ಸ್ವಂತ ದನಿ ಹಾಡಿನಲ್ಲಿ ಕೇಳಿಸಲಿಲ್ಲ. ಪಿ.ಬಿ.ಎಸ್. ಹಾಡುಗಳು ಕನ್ನಡದ ಆಸ್ತಿ, ಆ ಜೋಡಿಯ ಬಗ್ಗೆ ಎರಡು ಮಾತಿಲ್ಲ. ಆದರೂ ರಂಗದ ಮೇಲೆ ಹಾಡಿ ಬೆಳೆದ ನಟ ಇಪ್ಪತ್ತು ವರ್ಷ ಇನ್ನೊಬ್ಬರ ದನಿಗೆ ತುಟಿ ಆಡಿಸಿದ್ದು ಕನ್ನಡ ಚಿತ್ರರಂಗದ ದೊಡ್ಡ ವಿಪರ್ಯಾಸ.

ಅದು ಮುಗಿದ ಬಗೆಯಲ್ಲಿ ನಮ್ಮ ಕಡೆಯ ಪಾತ್ರವಿದೆ. ಲಿಂಗಸುಗೂರಿನಿಂದ ಮುದಗಲ್ ದಾಟಿ ಪಶ್ಚಿಮಕ್ಕೆ ಹೋದರೆ ಹುನಗುಂದ ಸೀಮೆ. ಅಲ್ಲಿಯ ಸೂಳೇಭಾವಿಯವರು ನಾಟಕಕಾರ ಪಿ.ಬಿ. ಧುತ್ತರಗಿ. ಉತ್ತರ ಕರ್ನಾಟಕದ ಕಂಪನಿಗಳು ಅವರ ನಾಟಕಗಳಿಂದ ಕ್ಯಾಂಪು ತುಂಬಿಸಿಕೊಂಡವು. ‘ಸಂಪತ್ತಿಗೆ ಸವಾಲ್’ ಅವರ ನಾಟಕ. ಸಾಹುಕಾರನ ದರ್ಪಕ್ಕೆ ಬಡವರ ಹುಡುಗ ಎದುರು ನಿಲ್ಲುವ ಕತೆ. ಜಾತ್ರೆಗಳಲ್ಲಿ ಹುಡುಗರು ಎಷ್ಟು ಸಲ ಆಡಿದ್ದಾರೋ ಲೆಕ್ಕವಿಲ್ಲ. 1974ರಲ್ಲಿ ಎ.ವಿ. ಶೇಷಗಿರಿರಾವ್ ಅದನ್ನು ಚಿತ್ರವಾಗಿಸಿದರು. ರಾಜ್‌ಕುಮಾರ್ ಭದ್ರ, ಮಂಜುಳಾ ದುರ್ಗಿ, ವಜ್ರಮುನಿ ಸಾಹುಕಾರ. ಎಮ್ಮೆಯ ಬೆನ್ನೇರಿ ಹಾಡುವ ಹಾಡಿನ ಮುದ್ರಣಕ್ಕೆ ಪಿ.ಬಿ.ಎಸ್. ಸಿಗದಿದ್ದಾಗ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್‌ಕುಮಾರರಿಂದಲೇ ಹಾಡಿಸಿದರು.

ಆ ಹಾಡನ್ನು ಈಗ ಕೇಳಿದರೂ ವ್ಯತ್ಯಾಸ ತಿಳಿಯುತ್ತದೆ. ದನಿ ಮೈಕಿಗೆ ಮೆತ್ತಗೆ ಒರಗಿಕೊಂಡಿಲ್ಲ, ಬಯಲಿಗೆ ಎಸೆದಂತಿದೆ. ಸ್ವರ ಎಳೆಯುವಲ್ಲಿ, ಮಾತಿನ ಕೊನೆಯನ್ನು ಒತ್ತುವಲ್ಲಿ ಕಂಪನಿಯ ಗಾಯಕ ನಟ ಸಿಗುತ್ತಾನೆ. ಜನ ಹುಚ್ಚೆದ್ದು ಕೇಳಿದರು. ಅಲ್ಲಿಂದ ಮುಂದೆ ತಮ್ಮ ಪಾತ್ರಗಳಿಗೆ ಅವರೇ ಹಾಡಿದರು, 1992ರ ‘ಜೀವನ ಚೈತ್ರ’ದ ಹಾಡಿಗೆ ಶ್ರೇಷ್ಠ ಗಾಯಕನೆಂಬ ರಾಷ್ಟ್ರಪ್ರಶಸ್ತಿ ಪಡೆದರು. ಉತ್ತರ ಕರ್ನಾಟಕದ ಒಂದು ನಾಟಕ ಕನ್ನಡದ ನಾಯಕನಿಗೆ ಅವನ ನಾಟಕದ ಕಂಠವನ್ನು ಮರಳಿಸಿತು.

ಸ್ಟುಡಿಯೋದಿಂದ ಹೊಲಕ್ಕೆ

ಅಷ್ಟು ಹೊತ್ತಿಗೆ ಸ್ಟುಡಿಯೋ ಯುಗವೂ ಕೊನೆಯಾಗುತ್ತಿತ್ತು. 1960ರ ದಶಕದಲ್ಲಿ ಪುರಾಣದಿಂದ ಕಾದಂಬರಿಗೆ ಹೊರಳಿದ್ದಾಗಿತ್ತು. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯಿಂದ ‘ಕರುಣೆಯೇ ಕುಟುಂಬದ ಕಣ್ಣು’ (1962), ತ.ರಾ.ಸು. ಅವರಿಂದ ‘ಚಂದವಳ್ಳಿಯ ತೋಟ’ (1964), ಅ.ನ.ಕೃ. ಅವರಿಂದ ‘ಸಂಧ್ಯಾರಾಗ’ (1966). 1968ರ ‘ಜೇಡರ ಬಲೆ’ಯಲ್ಲಿ ದೊರೆ–ಭಗವಾನ್ ಅದೇ ನಟನ ಕೈಗೆ ಪಿಸ್ತೂಲು ಕೊಟ್ಟು ಗೂಢಚಾರನಾಗಿಸಿದರು. 1972ರ ‘ಬಂಗಾರದ ಮನುಷ್ಯ’ದಲ್ಲಿ ಸಿದ್ಧಲಿಂಗಯ್ಯ ನಾಯಕನನ್ನು ಫ್ಲೋರಿನಿಂದ ಹೊಲಕ್ಕಿಳಿಸಿದರು. ಟಿ.ಕೆ. ರಾಮರಾವ್ ಕಾದಂಬರಿಯ ರಾಜೀವ ಬಂಡೆ ಒಡೆದು ನೀರು ತೆಗೆಯುವಾಗ, ಕಾಲುವೆ ನೀರು ಬರುವ ಮುಂಚಿನ ಎರಿಹೊಲದ ಕಷ್ಟ ಕಂಡ ನಮ್ಮ ರೈತನಿಗೆ ಅದು ಬರೀ ಸಿನಿಮಾ ಆಗಿರಲಿಲ್ಲ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು.

1975ರ ‘ತ್ರಿಮೂರ್ತಿ’ಯಿಂದ ಪತ್ನಿ ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಾಣಕ್ಕಿಳಿದರು. ಕತೆ ಆಯುವುದರಲ್ಲಿ ರಾಜ್‌ಕುಮಾರರ ತಮ್ಮ ವರದರಾಜ್ ಅವರ ಮಾತೇ ಕೊನೆ. ಯಜಮಾನಿಕೆ, ಪಾತ್ರ ನಿರ್ಧಾರ, ಒಂದೇ ಅಡುಗೆಮನೆಯ ಊಟ, ಎಲ್ಲವೂ ಗುಬ್ಬಿ ಕಂಪನಿಯನ್ನೇ ನೆನಪಿಸುವ ಏರ್ಪಾಡು. ಬಾಡಿಗೆ ಸ್ಟುಡಿಯೋದ ನಾಯಕ ಕೊನೆಗೆ ತನ್ನದೇ ಕಂಪನಿ ಕಟ್ಟಿಕೊಂಡರು.

ಇದಕ್ಕೆ ಬೆಲೆಯೂ ತೆರಬೇಕಾಯಿತು. ಮೊದಲ ನೂರು ಚಿತ್ರಗಳಿಗೆ ಹಿಡಿದದ್ದು 14 ವರ್ಷ. 1968ರ ‘ಭಾಗ್ಯದ ಬಾಗಿಲು’ ನೂರನೆಯದು. ಎರಡನೆಯ ನೂರಕ್ಕೆ 20 ವರ್ಷ. 1988ರ ‘ದೇವತಾ ಮನುಷ್ಯ’ ಇನ್ನೂರನೆಯದು. ಆಮೇಲೆ 2000ದ ‘ಶಬ್ದವೇಧಿ’ಯವರೆಗೆ ಬೆರಳೆಣಿಕೆಯ ಚಿತ್ರಗಳು. ಸಂಖ್ಯೆ ಇಳಿದಷ್ಟೂ ಅಭಿಮಾನಿಗಳ ನಿರೀಕ್ಷೆ ಏರಿತು. ತೆರೆಯ ಮೇಲೆ ಕುಡಿಯಬಾರದು, ಸೇದಬಾರದು, ಸೋಲಬಾರದು. ರಾವಣ, ಮಹಿಷಾಸುರ, ಬಿಜ್ಜಳನನ್ನು ನಿರಾಳವಾಗಿ ಆಡಿದ್ದ ನಟನಿಗೆ ಕೆಟ್ಟವನಾಗುವ ಸ್ವಾತಂತ್ರ್ಯ ಕಡಿಮೆಯಾಗುತ್ತ ಹೋಯಿತು. 1971ರ ‘ಕಸ್ತೂರಿ ನಿವಾಸ’ದಂತೆ ಸೋತು ಸಾಯುವ ನಾಯಕನನ್ನು ಅವರು ಎಷ್ಟು ಚೆನ್ನಾಗಿ ಆಡಬಲ್ಲರು ಎಂದು ಗೊತ್ತಿದ್ದವರಿಗೆ ಇದು ನಷ್ಟವೆಂದೇ ಅನಿಸುತ್ತದೆ. ಜೊತೆಗೆ ಊರೂರು ತಿರುಗಿದ ಜಿ.ವಿ. ಅಯ್ಯರ್ ‘ಹಂಸಗೀತೆ’, ‘ಆದಿ ಶಂಕರಾಚಾರ್ಯ’ದ ದಾರಿ ಹಿಡಿದರು. ‘ಸಂಸ್ಕಾರ’ದ ನಂತರದ ಹೊಸ ಅಲೆಗೂ ಕನ್ನಡದ ಅತಿ ದೊಡ್ಡ ನಟನಿಗೂ ಕೊನೆಗೂ ಭೇಟಿಯಾಗಲಿಲ್ಲ. ಎರಡೂ ಕಡೆಗೆ ಅದರಿಂದ ನಷ್ಟವೇ ಆಯಿತು.

2029ರ ಏಪ್ರಿಲ್‌ಗೆ ಅವರು ಹುಟ್ಟಿ ನೂರು ವರ್ಷ. ಪ್ರತಿಮೆ, ವೃತ್ತ, ಮೆರವಣಿಗೆ ಯಾರೂ ಹೇಳದೆಯೇ ಆಗುತ್ತವೆ. ಸರ್ಕಾರ ಮಾಡಬೇಕಾದ ಕೆಲಸ ಬೇರೆ ಇದೆ. ‘ಸತಿ ಸುಲೋಚನ’ದ ಒಂದು ಪ್ರತಿಯನ್ನೂ ನಾವು ಉಳಿಸಿಕೊಳ್ಳಲಿಲ್ಲ. ರಾಜ್‌ಕುಮಾರರ ಮೊದಲ ದಶಕದ ಕಪ್ಪುಬಿಳುಪು ಚಿತ್ರಗಳಿಗೆ ಆ ಗತಿ ಬರದಂತೆ ನೆಗೆಟಿವ್‌ಗಳನ್ನು ಹುಡುಕಿ ಡಿಜಿಟಲ್ ರೂಪಕ್ಕೆ ತರಬೇಕು. ಅಷ್ಟೇ ತುರ್ತಾಗಿ ಅವರನ್ನು ತಯಾರು ಮಾಡಿದ ವೃತ್ತಿರಂಗಭೂಮಿಯ ವಿದ್ಯೆಯನ್ನೂ ದಾಖಲಿಸಬೇಕು. ಕಲಬುರಗಿ ರಂಗಾಯಣ ಮನಸ್ಸು ಮಾಡಿದರೆ ನಮ್ಮ ಜಿಲ್ಲೆಗಳ ಹಿರಿಯ ಹಾರ್ಮೋನಿಯಂ ಮಾಸ್ತರರ, ಕಂಪನಿ ನಟನಟಿಯರ ದನಿಯನ್ನು ಈಗಲೇ ಮುದ್ರಿಸಿಕೊಳ್ಳಬಹುದು, ಧುತ್ತರಗಿಯವರ ನಾಟಕಗಳನ್ನು ಹಳೆಯ ಮಟ್ಟುಗಳೊಂದಿಗೆ ಮತ್ತೆ ಆಡಿಸಬಹುದು. ಬಳಗಾನೂರಿನ ಜಾತ್ರೆಯಲ್ಲಿ ಈ ಸಲವೂ ಯಾರೋ ಹುಡುಗ ಸಾಹುಕಾರನ ಎದುರು ತೊಡೆ ತಟ್ಟಿ ನಿಲ್ಲುತ್ತಾನೆ. ಅವನಿಗೆ ಕಲಿಸುವ ಮಾಸ್ತರಿಗೆ ಗೌರವಧನ, ಊರಿಗೊಂದು ಬಯಲು ರಂಗಮಂಟಪ, ಇಷ್ಟು ಕೊಟ್ಟರೆ ನೂರು ವರ್ಷದ ಹಬ್ಬಕ್ಕೆ ಮಾಡುವ ಖರ್ಚಿನಲ್ಲಿ ಒಂದು ಪಾಲಾದರೂ ಸಾರ್ಥಕವಾದೀತು.